ಆಷಾಢದಲ್ಲಿ ಮನೆ ಹುಡುಕಬೇಕು

ಹೋದ ವರ್ಷ ಆಷಾಢ ಹುಟ್ಟಿ ಮೂರು ದಿನ ಆಗಿತ್ತು. ಹಾಸನದಿಂದ ನಮ್ಮಕ್ಕನ ಮಗ ಫೋನ್ ಮಾಡಿದ. "ಮಾಮ, ಜಯನಗರದಲ್ಲಿ ಕೆಲಸ ಸಿಕ್ಕಿದೆ. ಒಂದು ಮನೆ ನೋಡಿಡಿ. ಸಿಟಿ ಮಧ್ಯದಲ್ಲೇ ಇರಲಿ, ಬಾಡಿಗೆ ಹನ್ನೆರಡು ಸಾವಿರ ದಾಟದೇ ಇರಲಿ" ಅಂದ. ಅವನದು ಲ್ಯಾಬ್ ಟೆಕ್ನಿಷಿಯನ್ ಕೆಲಸ. ಕೈಗೆ ಬರುವುದು 30,000 ಚಿಲ್ಲರೆ. ಆ ವೈಶಾಖದಲ್ಲಷ್ಟೇ ಮದುವೆಯಾಗಿತ್ತು. ನಾನು ಉತ್ತರ ಕೊಡುವಷ್ಟರಲ್ಲಿ ಅಕ್ಕ ಫೋನ್ ಕಿತ್ತುಕೊಂಡಳು. "ಆಷಾಢದಲ್ಲಿ ಯಾರಾದರೂ ಮನೆ ಹುಡುಕ್ತಾರೇನೋ? ಸೊಸೆ ಹೇಗೂ ತವರಿಗೆ ಹೋಗಿದ್ದಾಳೆ. ಶ್ರಾವಣ ಬರಲಿ ತಡಿ."

ಅಕ್ಕನ ಮಾತನ್ನು ನಾನು ಸಾಮಾನ್ಯವಾಗಿ ಮೀರುವುದಿಲ್ಲ. ಆವತ್ತು ಮೀರಿದೆ. ಬೆಂಗಳೂರಿನಲ್ಲಿ ಕಡಿಮೆ ಬಾಡಿಗೆಯ ಮನೆ ಬೇಕೆನ್ನುವವರು ಹುಡುಕಬೇಕಾದದ್ದು ಆಷಾಢದಲ್ಲೇ. ಮಕ್ಕಳಿರುವವರು ಮನೆ ಬದಲಾಯಿಸುವುದು ಏಪ್ರಿಲ್, ಮೇ ತಿಂಗಳ ರಜೆಯಲ್ಲಿ. ಆಗ ಓನರಿನ ಮುಖ ನೋಡಬೇಕು ನೀವು. ಗೇಟಿನ ಒಳಗಿನಿಂದಲೇ ಬಾಡಿಗೆ ಹೇಳಿ ಬಾಗಿಲು ಹಾಕಿಕೊಳ್ಳುತ್ತಾರೆ. ಆ ಎರಡು ತಿಂಗಳಲ್ಲಿ ತುಂಬದೆ ಉಳಿದ ಮನೆ, ಆಷಾಢ ಬಂತೆಂದರೆ ಇನ್ನೊಂದು ತಿಂಗಳು ಬೀಗ ಹಾಕಿಕೊಂಡು ಕೂರುತ್ತದೆ. ಹಾಲು ಉಕ್ಕಿಸಲು ಯಾರೂ ಬರುವುದಿಲ್ಲ. ಬ್ಯಾಂಕಿನ ಕಂತು ಮಾತ್ರ ಆಷಾಢ ನೋಡುವುದಿಲ್ಲ. ಇಪ್ಪತ್ತನೇ ತಾರೀಕಿನ ಹೊತ್ತಿಗೆ ಅದೇ ಓನರು ಗೇಟು ತೆಗೆದು, "ಬನ್ನಿ, ಕೂತ್ಕೊಂಡು ಮಾತಾಡೋಣ" ಅನ್ನುತ್ತಾರೆ. ಪಿತೃಪಕ್ಷದಲ್ಲೂ ಧನುರ್ಮಾಸದಲ್ಲೂ ಸ್ವಲ್ಪ ಹೀಗೇ. ನಮ್ಮ ಪಂಚಾಂಗ ಬಾಡಿಗೆದಾರನಿಗೆ ಇಟ್ಟಿರುವ ರಿಯಾಯಿತಿ ಇದು. ನಮ್ಮ ಜನ ಇದನ್ನು ಬಳಸಿಕೊಳ್ಳುವುದೇ ಇಲ್ಲ.

ಇನ್ನು "ಸಿಟಿ ಮಧ್ಯ" ಅನ್ನುವ ಮಾತು. ಬೆಂಗಳೂರಿನ ಮಧ್ಯ ಯಾವುದು ಹೇಳಿ? ಕೆಂಪೇಗೌಡರ ಹೆಸರು ಹೊತ್ತ ಒಂದು ಗೋಪುರ ಲಾಲ್‌ಬಾಗಿನ ಬಂಡೆಯ ಮೇಲಿದೆ. ಇನ್ನೊಂದು ಕೆಂಪಾಂಬುಧಿ ಕೆರೆಯ ಹತ್ತಿರ. ಊರು ಬೆಳೆದರೆ ಇಲ್ಲಿಯವರೆಗೆ ಬೆಳೆದೀತು ಎಂದು ಇಟ್ಟ ಗುರುತುಗಳು ಅವು ಅಂತ ಜನ ಹೇಳುತ್ತಾರೆ. 1898ರಲ್ಲಿ ಪ್ಲೇಗು ಬಂದಾಗ, ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಲು ಬಸವನಗುಡಿ, ಮಲ್ಲೇಶ್ವರಗಳನ್ನು ಬೆಳೆಸಿದರು. ಆಗ ಅವು ಊರಾಚೆ. 1948ರ ಆಗಸ್ಟಿನಲ್ಲಿ ರಾಜಾಜಿಯವರು ಜಯನಗರಕ್ಕೆ ಅಡಿಗಲ್ಲು ಹಾಕಿದಾಗ ಅದೂ ಊರಾಚೆ. 1993ರಲ್ಲಿ ನಾನು ಸಂಸಾರ ಕಟ್ಟಿಕೊಂಡು ಹೊಸಕೆರೆಹಳ್ಳಿಗೆ ಬಂದೆ. ಬಾಡಿಗೆ 850, ಅಡ್ವಾನ್ಸ್ 8,500. ಗಾಂಧಿ ಬಜಾರಿನ ಗೆಳೆಯರು, "ಅಲ್ಲಯ್ಯಾ, ಅಲ್ಲಿಗೆ ಬರೋಕೆ ಬುತ್ತಿ ಕಟ್ಕೊಂಡು ಬರಬೇಕಾ?" ಅಂತ ನಕ್ಕಿದ್ದರು. ನಾವೂ ಮಾರ್ಕೆಟ್ಟಿಗೆ ಹೊರಟರೆ "ಸಿಟಿಗೆ ಹೋಗಿಬರ್ತೀವಿ" ಅಂತಲೇ ಹೇಳುತ್ತಿದ್ದೆವು. ಈಗ ಅದೇ ಹೊಸಕೆರೆಹಳ್ಳಿಯ ಅಪಾರ್ಟ್‌ಮೆಂಟ್ ಜಾಹೀರಾತಿನಲ್ಲಿ "ನಗರದ ಹೃದಯಭಾಗ" ಅಂತ ಬರೆಯುತ್ತಾರೆ. ನಾನು ಕದಲಿಲ್ಲ. ಹೃದಯವೇ ನನ್ನ ಬಳಿಗೆ ಬಂತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬನಶಂಕರಿ ಮೂರನೇ ಹಂತ, ಗಿರಿನಗರ, ಕತ್ರಿಗುಪ್ಪೆ, ಇಟ್ಟಮಡು, ಇವುಗಳ ನಡುವೆ ಸಿಕ್ಕಿಕೊಂಡಿರುವ ಊರು ಹೊಸಕೆರೆಹಳ್ಳಿ. ಒಂದು ಪಕ್ಕದಲ್ಲಿ ಹೊರವರ್ತುಲ ರಸ್ತೆ, ಅದರ ಅಂಚಿಗೆ ಪಿಇಎಸ್ ವಿಶ್ವವಿದ್ಯಾಲಯ. ಹೆಸರಿನಲ್ಲೇ ಹೊಸ ಕೆರೆಯಿದೆ, ಹಳ್ಳಿಯೂ ಇದೆ. ಕೆರೆಯ ಕತೆ ಆಮೇಲೆ ಹೇಳುತ್ತೇನೆ. ಹಳ್ಳಿಯ ಕತೆ ಮೊದಲು, ಯಾಕೆಂದರೆ ಅಗ್ಗದ ಮನೆ ಇರುವುದು ಅದರೊಳಗೆ.

ಬೆಂಗಳೂರಿನ ಬಡಾವಣೆಗಳೆಲ್ಲ ಹಳ್ಳಿಗಳ ಹೊಲ, ತೋಟಗಳ ಮೇಲೆ ಎದ್ದವು. ಬಿಡಿಎ ಬಂದು ಹೊಲಗಳನ್ನು ಸ್ವಾಧೀನ ಮಾಡಿಕೊಂಡು, ನೇರ ರಸ್ತೆ ಎಳೆದು, ಮೂವತ್ತು-ನಲವತ್ತು, ನಲವತ್ತು-ಅರವತ್ತು ಅಂತ ಸೈಟು ಮಾಡಿ ಹಂಚಿತು. ಆದರೆ ಊರಿನ ಮನೆಗಳಿದ್ದ ಜಾಗವನ್ನು, ಅಂದರೆ ಗ್ರಾಮಠಾಣವನ್ನು, ಮುಟ್ಟಲಿಲ್ಲ. ಹಾಗಾಗಿ ಅಳತೆಗೋಲು ಹಿಡಿದು ಗೀಚಿದ ಬಡಾವಣೆಗಳ ಮಧ್ಯದಲ್ಲಿ ಇದ್ದಕ್ಕಿದ್ದಂತೆ ಒಂದು ಕಡೆ ರಸ್ತೆ ಸೊಟ್ಟಗಾಗುತ್ತದೆ. ಮಾರಮ್ಮನ ಗುಡಿ, ಅರಳಿಕಟ್ಟೆ, ಎರಡು ಎಮ್ಮೆ, ಒಂದು ಆಟೋ ಮಾತ್ರ ಹಿಡಿಯುವ ಓಣಿ ಕಾಣುತ್ತವೆ. ಅಲ್ಲಿಗೆ ಬಂದಿರಿ ಅಂದರೆ ನೀವು ಹಳೇ ಹಳ್ಳಿಯೊಳಗೆ ಬಂದಿರಿ. ಹೊಲ ಕಳೆದುಕೊಂಡ ಮನೆತನಗಳಿಗೆ ಉಳಿದದ್ದು ಮನೆ, ಹಿತ್ತಿಲು, ದನದ ಕೊಟ್ಟಿಗೆ. ಕೊಟ್ಟಿಗೆ ಇದ್ದಲ್ಲಿ ಮೊದಲು ಶೀಟಿನ ಮನೆ ಬಂತು. ಅದರ ಬಾಡಿಗೆ ಕೂಡಿಟ್ಟು ತಾರಸಿ ಹಾಕಿದರು. ಆಮೇಲೆ ಅದರ ಮೇಲೊಂದು, ಅದರ ಮೇಲೆ ಇನ್ನೊಂದು. ಮೊದಲು ಹಸು ಕರೆದು ಜೀವನ ಮಾಡುತ್ತಿದ್ದವರು ಈಗ ಕಟ್ಟಡ ಕರೆಯುತ್ತಾರೆ ಅಂತ ನಮ್ಮ ಓಣಿಯ ಹಿರಿಯರೊಬ್ಬರು ತಮ್ಮನ್ನೇ ತಾವು ಗೇಲಿ ಮಾಡಿಕೊಳ್ಳುತ್ತಿದ್ದರು.

ಇದನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ಈ ನಗರದಲ್ಲಿ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳು, ಆಟೋ ಓಡಿಸುವವರು, ಮಾರ್ಕೆಟ್ಟಿನಿಂದ ಬೆಳಗಿನ ನಾಲ್ಕಕ್ಕೆ ಹೂವು ತರುವವರು, ಪುಸ್ತಕದ ಚೀಲ ಹೊತ್ತ ವಿದ್ಯಾರ್ಥಿ, ನಮ್ಮಕ್ಕನ ಮಗನಂಥವರು, ಇವರಿಗೆಲ್ಲ ಮನೆ ಕಟ್ಟಿಕೊಟ್ಟವರು ಯಾರು? ಸರ್ಕಾರಕ್ಕೆ 1962ರ ಕಾಯ್ದೆಯಿಂದ ಹುಟ್ಟಿದ ಗೃಹಮಂಡಳಿ ಇದೆ, 1976ರಿಂದ ಬಿಡಿಎ ಇದೆ. ಅವು ಸೈಟು ಹಂಚಿದವು, ಊರ ಅಂಚಿನಲ್ಲಿ ಫ್ಲ್ಯಾಟುಗಳನ್ನೂ ಕಟ್ಟಿದವು. ಬಹುಪಾಲು ಮಾರುವುದಕ್ಕೆ. ಬಾಡಿಗೆಯಲ್ಲಿ ಬದುಕುವವನನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಇಪ್ಪತ್ತು-ಮೂವತ್ತರ ಸೈಟಿನಲ್ಲಿ ಸಾಲ ಮಾಡಿ ಮೂರು ಅಂತಸ್ತು ಏರಿಸಿದ ಸಣ್ಣ ಓನರು. ಅವರು ಸಮಾಜಸೇವೆಗೆ ಕಟ್ಟಲಿಲ್ಲ, ನಿಜ. ಆದರೆ ಅವರು ಕಟ್ಟದೇ ಹೋಗಿದ್ದರೆ ಈ ಜನ ಎಲ್ಲಿರುತ್ತಿದ್ದರು?

ಹಿಂದೆ ಈ ಕೆಲಸವನ್ನು ವಠಾರಗಳು ಮಾಡುತ್ತಿದ್ದವು. ಮದುವೆಗೆ ಮುಂಚೆ ನಾನು ಚಾಮರಾಜಪೇಟೆಯ ಒಂದು ವಠಾರದಲ್ಲಿ ನಾಲ್ಕು ವರ್ಷ ಇದ್ದೆ. ಹನ್ನೊಂದು ಮನೆ, ಒಂದು ನಲ್ಲಿ, ಎರಡು ಕಕ್ಕಸು. ನಡುವೆ ಬಟ್ಟೆ ಒಗೆಯುವ ಕಲ್ಲು. ಬೆಳಿಗ್ಗೆ ಐದಕ್ಕೆ ನಲ್ಲಿಯ ಮುಂದೆ ಕೊಡಗಳ ಸಾಲು. ಯಾರ ಮನೆಯಲ್ಲಿ ಹುಳಿ, ಯಾರ ಮನೆಯಲ್ಲಿ ಬರೀ ತಿಳಿಸಾರು ಅಂತ ಒಗ್ಗರಣೆಯಲ್ಲೇ ತಿಳಿಯುತ್ತಿತ್ತು. ನಿರಂಜನರು 'ರಂಗಮ್ಮನ ವಠಾರ' ಅಂತ ಒಂದು ಕಾದಂಬರಿಯನ್ನೇ ಬರೆದರು. ಓದಿದವರಿಗೆ ಅದರ ವಾಸನೆ ಗೊತ್ತು. ವಠಾರ ಅಗ್ಗವಾಗಿತ್ತು, ಯಾಕೆಂದರೆ ಅಲ್ಲಿ ನೀರು, ಗೋಡೆ, ಅಂಗಳ, ಗುಟ್ಟು ಎಲ್ಲವನ್ನೂ ಹಂಚಿಕೊಳ್ಳಬೇಕಿತ್ತು. ನಾನಿದ್ದ ವಠಾರದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್ ಇದೆ. ಯಜಮಾನರು ತೀರಿಕೊಂಡರು. ಐದು ಜನ ಮಕ್ಕಳು, ಜಾಗ ಒಂದೇ, ಬಿಲ್ಡರಿಗೆ ಕೊಟ್ಟು ಅರ್ಧರ್ಧ ಹಂಚಿಕೊಂಡರು. ಒಂದು ವಠಾರ ಹೋದರೆ ಊರಿನ ನಡುವಿನಿಂದ ಹನ್ನೊಂದು ಸಂಸಾರ ಹೋದ ಹಾಗೆ. ಅವರು ಬಂದು ಸೇರಿದ್ದು ಹೊಸಕೆರೆಹಳ್ಳಿಯಂಥ ಊರುಗಳಿಗೆ. ಮಲಗಿದ್ದ ವಠಾರ ಇಲ್ಲಿ ಎದ್ದು ನಿಂತಿದೆ ಅಷ್ಟೆ. ಮಹಡಿಗೊಂದು ಮನೆ, ಎಲ್ಲರಿಗೂ ಒಂದೇ ಸಂಪು.

ಸರಿ, ಹುಡುಕಾಟಕ್ಕೆ ಬರೋಣ. ಹುಡುಗ ಬಂದ. ಮೊದಲು ಅವನ ಆಸೆಯಂತೆ ಜಯನಗರ ನೋಡಿದೆವು. ನಾಲ್ಕನೇ ಬ್ಲಾಕಿನ ಸುತ್ತಮುತ್ತ ಒಂದು ಹಾಲು, ಒಂದು ರೂಮು, ಅಡುಗೆಮನೆ ಇರುವ ಹಳೇ ಔಟ್‌ಹೌಸಿಗೆ 19,000 ಹೇಳಿದರು. ಅಡ್ವಾನ್ಸ್ ಒಂದೂವರೆ ಲಕ್ಷ. ಬ್ರೋಕರಿಗೆ ಒಂದು ತಿಂಗಳ ಬಾಡಿಗೆ. ಹುಡುಗ ಮೊಬೈಲಿನಲ್ಲಿ ನೋಡಿಟ್ಟಿದ್ದ ಏಳು ಮನೆಗಳ ಪೈಕಿ ಐದು ಆಗಲೇ ಹೋಗಿದ್ದವು, ಆರನೆಯದು ಇರಲೇ ಇಲ್ಲ. ಫೋಟೊ ಮಾತ್ರ ಇತ್ತು. ಮೂರು ದಿನ ಅಲೆದ ಮೇಲೆ ನಾನು ಹೇಳಿದೆ, "ಆ ಫೋನು ಜೇಬಲ್ಲಿಡು. ನಾಳೆ ನನ್ನ ಜೊತೆ ನಡೆ."

ಕಡಿಮೆ ಬಾಡಿಗೆಯ ಮನೆ ಮೊಬೈಲಿಗೆ ಬರುವುದಿಲ್ಲ. ಅದು ಗೇಟಿಗೆ ತಂತಿಯಲ್ಲಿ ಕಟ್ಟಿದ ಟು-ಲೆಟ್ ರಟ್ಟಿನಲ್ಲಿರುತ್ತದೆ. ಎಷ್ಟೋ ಸಲ ರಟ್ಟನ್ನೂ ಕಟ್ಟಿರುವುದಿಲ್ಲ. ಆ ಬೀದಿಯ ಇಸ್ತ್ರಿ ಅಂಗಡಿಯವರ ಬಾಯಲ್ಲಿರುತ್ತದೆ. ಯಾರ ಮನೆಯ ಬಟ್ಟೆ ಬರುವುದು ನಿಂತಿತು, ಯಾರು ಹಳೇ ಬಾಕಿ ಚುಕ್ತಾ ಮಾಡಿದರು, ಅವರಿಗೆ ಗೊತ್ತು. ಇಸ್ತ್ರಿಯ ಬಾಕಿ ಚುಕ್ತಾ ಮಾಡಿದವರು ತಿಂಗಳೊಳಗೆ ಮನೆ ಬಿಡುತ್ತಾರೆ, ಬರೆದಿಟ್ಟುಕೊಳ್ಳಿ. ನಂದಿನಿ ಬೂತಿನವರನ್ನು ಕೇಳಿ, ದಿನಸಿ ಅಂಗಡಿಯಲ್ಲಿ ಕೇಳಿ, ಪೇಪರ್ ಹಾಕುವ ಹುಡುಗನನ್ನು ಕೇಳಿ. ಬೆಳಿಗ್ಗೆ ಏಳಕ್ಕೆ ಹೋಗಿ. ಆ ಹೊತ್ತಿಗೆ ಓನರು ಬಾಗಿಲ ಮುಂದೆ ನೀರು ಹಾಕುತ್ತಿರುತ್ತಾರೆ, ಆ ಮನೆಗೆ ನೀರು ಎಷ್ಟು ಬರುತ್ತದೆ ಅನ್ನುವುದೂ ಆಗಲೇ ತಿಳಿಯುತ್ತದೆ.

ಹಾಗೆ ಎರಡು ದಿನದಲ್ಲಿ ಹದಿನಾಲ್ಕು ಮನೆ ನೋಡಿದೆವು. ಎಲ್ಲ ಕಡೆಯೂ ಪ್ರಶ್ನೆಗಳು ಅವೇ. "ಎಷ್ಟು ಜನ ಇರ್ತೀರಾ? ಊರು ಯಾವುದು? ನೆಂಟರಿಷ್ಟರು ಜಾಸ್ತಿ ಬರ್ತಾರಾ?" ಆಮೇಲೆ ಸ್ವಲ್ಪ ತಡೆದು, ದನಿ ತಗ್ಗಿಸಿ, "ನೀವು ಯಾವ ಪೈಕಿ?" ಕೆಲವರು ಇದನ್ನೂ ಕೇಳುವುದಿಲ್ಲ. ರಟ್ಟಿನ ಮೇಲೇ "ಸಸ್ಯಾಹಾರಿಗಳಿಗೆ ಮಾತ್ರ" ಅಂತ ಬರೆದು ಮುಗಿಸಿರುತ್ತಾರೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಇಬ್ಬರು ಗೆಳೆಯರು, ಒಬ್ಬರು ಮುಸಲ್ಮಾನರು, ಒಬ್ಬರು ದಲಿತರು, ಇದೇ ಬೀದಿಗಳಲ್ಲಿ ನನಗಿಂತ ಎರಡು ಪಟ್ಟು ಚಪ್ಪಲಿ ಸವೆಸಿದ್ದಾರೆ. ಕೊನೆಗೆ ನನಗಿಂತ ಹೆಚ್ಚು ಬಾಡಿಗೆಯನ್ನೂ ಕೊಟ್ಟಿದ್ದಾರೆ. ಮನೆ ಅದೇ ಅಳತೆಯದು. ಅಗ್ಗದ ಮನೆ ಎಲ್ಲರಿಗೂ ಅಗ್ಗವಲ್ಲ. ಸಂವಿಧಾನ ಅಂಗಡಿ, ಹೋಟೆಲು, ಬಾವಿ, ರಸ್ತೆಗಳ ಬಾಗಿಲು ತೆಗೆಸಿತು. ಬಾಡಿಗೆ ಮನೆಯ ಬಾಗಿಲನ್ನು ತೆಗೆಯುವುದು ಇಂದಿಗೂ ಓನರಿನ ಮನಸ್ಸಿಗೇ ಬಿಟ್ಟಿದ್ದು.

ಬಾಗಿಲು ತೆರೆದರೆ ಮುಂದೆ ಕಾಗದದ ಮಾತು. ಬಾಡಿಗೆ ಕರಾರು ಎಲ್ಲ ಕಡೆ 11 ತಿಂಗಳಿಗೇ ಯಾಕೆ ಅಂತ ಹುಡುಗ ಕೇಳಿದ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಗೆ ಅಲೆಯುವುದು ಯಾರಿಗೆ ಬೇಕು ಅಂತ ಒಂದು ತಿಂಗಳು ಕಡಿಮೆ ಬರೆಯುತ್ತಾರೆ. ಬ್ರಿಟಿಷರ ಕಾಲದ ಕಾನೂನಿಗೆ ಹೆದರಿ ನಾವು ಪ್ರತಿ 11 ತಿಂಗಳಿಗೊಮ್ಮೆ ಬಾಡಿಗೆ ಏರಿಸುವ ಹಬ್ಬ ಮಾಡುತ್ತಿದ್ದೇವೆ. "ಬಾಡಿಗೆ ಕಾಯ್ದೆ ಅಂತ ಇದೆಯಲ್ಲ ಮಾಮ?" ಅಂದ. ಇದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ. ಆದರೆ ಬೆಂಗಳೂರಿನಂಥ ನಗರದಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದರೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಇವತ್ತು ಹೊಸಕೆರೆಹಳ್ಳಿಯಲ್ಲಿ 3,500ಕ್ಕೆ ಒಂದು ಬೈಕು ನಿಲ್ಲಿಸುವ ಜಾಗ ಸಿಕ್ಕೀತು, ಅದಕ್ಕೊಂದು ಸೂರೂ ಸಿಕ್ಕೀತು. ಸಂಸಾರ ಹಿಡಿಸುವುದಿಲ್ಲ. ಅಂದರೆ ಬಾಡಿಗೆದಾರನನ್ನು ಕಾಯಬೇಕಾದ ಕಾಯ್ದೆ ಪುಸ್ತಕದಲ್ಲಿದೆ, ಬಾಡಿಗೆದಾರ ಅದರಾಚೆ ಇದ್ದಾನೆ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳಬಾರದು ಅಂತಿದೆ. ಮಾದರಿ ಅಂದರೆ ಮಾದರಿ, ಬೇಕಾದ ರಾಜ್ಯ ಎತ್ತಿಕೊಳ್ಳಬಹುದು. ನಾನು ಇದನ್ನು ಒಬ್ಬ ಓನರಿಗೆ ಹೇಳಿ ನೋಡಿದೆ. ಅವರು ತುಂಬ ಹೊತ್ತು ನಕ್ಕರು. ಪಾಪ, ಕಾಫಿ ಕೊಟ್ಟರು. ಹತ್ತು ತಿಂಗಳ ಅಡ್ವಾನ್ಸನ್ನು ಮಾತ್ರ ಇಳಿಸಲಿಲ್ಲ.

ಆ ಓಣಿಯಲ್ಲೇ ಇನ್ನೊಬ್ಬರು, "ಬಾಡಿಗೆ ಬೇಡ ಸಾರ್, ಭೋಗ್ಯಕ್ಕೆ ಬನ್ನಿ. ಹತ್ತು ಲಕ್ಷ ಕೊಡಿ, ಮೂರು ವರ್ಷ ಇರಿ, ಹೋಗುವಾಗ ಹತ್ತು ಲಕ್ಷ ವಾಪಸ್" ಅಂದರು. ಹುಡುಗನ ಕಣ್ಣು ಅರಳಿತು. ಭೋಗ್ಯ ನಮ್ಮ ಹಳ್ಳಿಗಳ ಹಳೇ ಪದ. ಸಾಲ ಕೊಟ್ಟವನು ಬಡ್ಡಿಯ ಬದಲು ಹೊಲದ ಬೆಳೆ ಉಣ್ಣುತ್ತಿದ್ದ. ಬೆಂಗಳೂರಿನಲ್ಲಿ ಅದು ಮನೆಗೆ ಬಂದಿದೆ. ಸರಿಯಾಗಿ ನೋಡಿದರೆ ಇಲ್ಲಿ ಸಾಲಗಾರ ಓನರು, ಸಾಲ ಕೊಟ್ಟವನು ಬಾಡಿಗೆದಾರ. ಬ್ಯಾಂಕಿನಲ್ಲಿ ಹತ್ತು ಲಕ್ಷಕ್ಕೆ ನೂರಕ್ಕೆ ಏಳರ ಬಡ್ಡಿ ಅಂದುಕೊಂಡರೆ ತಿಂಗಳಿಗೆ 5,800 ರೂಪಾಯಿ ಚಿಲ್ಲರೆ. ಅಷ್ಟಕ್ಕೆ ಮನೆ ಸಿಕ್ಕಿದ ಹಾಗಾಯಿತು. ಅಗ್ಗವೇ. ಆದರೆ ಬ್ಯಾಂಕು ಸಾಲ ಕೊಡುವಾಗ ಎಷ್ಟು ಕಾಗದ ಕೇಳುತ್ತದೆ, ನಮ್ಮ ಬಾಡಿಗೆದಾರ ಎಷ್ಟು ಕೇಳುತ್ತಾನೆ? ಆ ಮನೆ ಆಗಲೇ ಬ್ಯಾಂಕಿಗೆ ಅಡವಾಗಿದ್ದರೆ, ಕಂತು ಕಟ್ಟದೆ ಹರಾಜಿಗೆ ಬಂದರೆ, ಬರೀ ಛಾಪಾ ಕಾಗದದ ಮೇಲೆ ಬರೆಸಿಕೊಂಡ ಭೋಗ್ಯ ಎಲ್ಲಿ ನಿಲ್ಲುತ್ತದೆ? ದಕ್ಷಿಣ ಕೊರಿಯಾದಲ್ಲೂ ಇಂಥದ್ದೇ ಪದ್ಧತಿ ಇದೆ, ಜೊನ್ಸೆ ಅಂತ ಅದಕ್ಕೆ ಹೆಸರು. ಮನೆಯ ಬೆಲೆಯ ಅರ್ಧಕ್ಕಿಂತ ಹೆಚ್ಚು ಹಣ ಇಟ್ಟು, ಬಾಡಿಗೆ ಕೊಡದೆ ಇರುತ್ತಾರೆ. ಅಲ್ಲಿ ಮನೆಗಳ ಬೆಲೆ ಇಳಿದಾಗ ಓನರುಗಳ ಕೈಯಲ್ಲಿ ಹಿಂದಿರುಗಿಸಲು ಹಣವಿರಲಿಲ್ಲ. ಕೆಲವರು ಮೊದಲಿನಿಂದಲೇ ಮೋಸಕ್ಕೆ ನಿಂತಿದ್ದರು. ಸಾವಿರಾರು ಯುವಕರು ಬೀದಿಗೆ ಬಂದು, 2023ರಲ್ಲಿ ಅದಕ್ಕೆಂದೇ ವಿಶೇಷ ಕಾನೂನು ಮಾಡಬೇಕಾಯಿತು. ನಮ್ಮಲ್ಲೂ ಓನರಿಗೆ ತಿಂಗಳ ಬಾಡಿಗೆ ಕಟ್ಟುವ, ಬಾಡಿಗೆದಾರನಿಂದ ಭೋಗ್ಯದ ಹಣ ಎತ್ತುವ ಮಧ್ಯವರ್ತಿಗಳು ಹುಟ್ಟಿಕೊಂಡು, ಒಂದು ದಿನ ಅಂಗಡಿ ಮುಚ್ಚಿ ಹೋದದ್ದನ್ನು ಕಂಡಿದ್ದೇವೆ. ಭೋಗ್ಯಕ್ಕೆ ಹೋಗುವವರು ಋಣಭಾರ ಪತ್ರ, ಅದೇ ಇ.ಸಿ., ತೆಗೆಸಿ ನೋಡಿ. ಭೋಗ್ಯವನ್ನು ನೋಂದಾಯಿಸಿ. ಓನರು ನೋಂದಣಿ ಬೇಡ ಅಂದರೆ ನಮಸ್ಕಾರ ಹೇಳಿ ಬನ್ನಿ.

"ಬಾಡಿಗೆ ಕಟ್ಟೋ ದುಡ್ಡಲ್ಲಿ ಕಂತು ಕಟ್ಟಿದರೆ ಸ್ವಂತ ಫ್ಲ್ಯಾಟೇ ಆಗುತ್ತಲ್ಲ" ಅಂತ ಅಕ್ಕನ ಕಡೆಯಿಂದ ಒಂದು ಫೋನ್ ಬಂತು. ಇದನ್ನು ಹೇಳದ ನೆಂಟರಿಲ್ಲ. ಲೆಕ್ಕ ಹಾಕೋಣ. ಸಾವಿರ ಚದರಡಿ, ಅಂದರೆ ನಮ್ಮ ಭಾಷೆಯಲ್ಲಿ ಹತ್ತು ಚದರದ ಫ್ಲ್ಯಾಟು. ಅಡಿಗೆ ಎಂಟು ಸಾವಿರ ಹಿಡಿದರೂ 80 ಲಕ್ಷ. 60 ಲಕ್ಷ ಸಾಲ, ನೂರಕ್ಕೆ ಎಂಟೂವರೆ ಬಡ್ಡಿ, 20 ವರ್ಷ ಅಂದರೆ ತಿಂಗಳ ಕಂತು 52,000. ಹುಡುಗನ ಸಂಬಳ 30,000. ಸರ್ಕಾರ ಕೈಗೆಟಕುವ ಮನೆ ಅಂತ ಜಿಎಸ್‌ಟಿಯನ್ನು ನೂರಕ್ಕೆ ಒಂದಕ್ಕೆ ಇಳಿಸಿದೆ. ಆದರೆ ಬೆಲೆ 45 ಲಕ್ಷ ದಾಟಬಾರದು, ಬೆಂಗಳೂರಿನಂಥ ಮಹಾನಗರದಲ್ಲಿ ಒಳಗಿನ ಅಳತೆ 60 ಚದರ ಮೀಟರ್ ಮೀರಬಾರದು. ಈ ಮಿತಿ ಇಟ್ಟದ್ದು 2019ರಲ್ಲಿ. ಅಂಥ ಹೊಸ ಫ್ಲ್ಯಾಟನ್ನು ಬನಶಂಕರಿಯ ಆಸುಪಾಸಿನಲ್ಲಿ ಹುಡುಕಿಕೊಟ್ಟವರಿಗೆ ನಾನೇ ಒಂದು ಶಾಲು ಹೊದಿಸುತ್ತೇನೆ. ಇನ್ನೊಂದು ಮಾತು. ಬಿಲ್ಡರು ಹೇಳುವ ಸಾವಿರ ಅಡಿಯಲ್ಲಿ ಗೋಡೆ, ಮೆಟ್ಟಿಲು, ಲಿಫ್ಟು, ವರಾಂಡ ಎಲ್ಲ ಸೇರಿರುತ್ತದೆ. ಚಾಪೆ ಹಾಸುವ ಜಾಗ ಎಷ್ಟು ಅಂತ ಕೇಳಬೇಕು. ರೇರಾ ಕಾಯ್ದೆ ಬಂದ ಮೇಲೆ ಆ ಅಳತೆಯನ್ನು ಬರೆದು ಕೊಡಲೇಬೇಕು, ಅದಕ್ಕೆ ಕಾರ್ಪೆಟ್ ಏರಿಯಾ ಅನ್ನುತ್ತಾರೆ.

ಕೊನೆಗೆ ಹಳೇ ಊರಿನೊಳಗೆ ನಮ್ಮ ಕೈಗೆಟಕುವ ಎರಡು ಮನೆ ಉಳಿದವು. ಎರಡೂ ಒಂದು ರೂಮು, ಒಂದು ಹಾಲು. ಒಂದಕ್ಕೆ 9,000. ಇನ್ನೊಂದಕ್ಕೆ 12,500. ಹುಡುಗ 9,000ದ ಕಡೆ ವಾಲಿದ. ನೆಲಮಹಡಿ, ಟೈಲ್ಸ್ ಹೊಸದು, ಗಾಳಿಯೂ ಇದೆ. ನಾನು ಒಳಗೆ ಹೋಗಲಿಲ್ಲ. ಹೊರಗಡೆ ಗೋಡೆ ನೋಡುತ್ತ ನಿಂತೆ. ನೆಲದಿಂದ ನನ್ನ ಎದೆ ಮಟ್ಟಕ್ಕೆ ಒಂದು ಗೆರೆ, ಬಣ್ಣದ ಕೆಳಗಿನಿಂದಲೂ ಸ್ವಲ್ಪ ಕಪ್ಪಗೆ ಕಾಣುತ್ತಿತ್ತು.

ಕೆರೆಯ ಕತೆ ಹೇಳುತ್ತೇನೆ ಅಂದಿದ್ದೆನಲ್ಲ. ಈ ಕಡೆಯ ತಗ್ಗು, ಕೆರೆ, ಕಾಲುವೆಗಳ ನೀರೆಲ್ಲ ಹೋಗಿ ಸೇರುವುದು ವೃಷಭಾವತಿಗೆ. ನೀರಿಗೆ ತನ್ನ ದಾರಿ ನೆನಪಿರುತ್ತದೆ. ನಮಗೆ ಇರುವುದಿಲ್ಲ. 2020ರ ಅಕ್ಟೋಬರ್ 23, ಶುಕ್ರವಾರ. ನವರಾತ್ರಿ ಗೊಂಬೆಗಳಿನ್ನೂ ಮಣೆಯ ಮೇಲಿದ್ದವು. ಸಂಜೆ ಸುರಿದ ಮಳೆಗೆ ರಾಜಕಾಲುವೆಯ ತಡೆಗೋಡೆ ಒಡೆದು, ಹೊಸಕೆರೆಹಳ್ಳಿಯ ದತ್ತಾತ್ರೇಯನಗರಕ್ಕೆ ನೀರು ನುಗ್ಗಿತು. ಕಾರುಗಳು ದೋಣಿಯ ಹಾಗೆ ತೇಲಿದವು. ನೀರಿನಲ್ಲಿ ಮುಳುಗುತ್ತಿದ್ದ ಮನೆಯಿಂದ ಒಬ್ಬ ಹಸುಗೂಸನ್ನು ಎತ್ತಿಕೊಂಡು ಬಂದದ್ದನ್ನು ಇಡೀ ದೇಶ ಮೊಬೈಲಿನಲ್ಲಿ ನೋಡಿತು. ಮಾರನೇ ದಿನ ನಾನು ಆ ಬೀದಿಗಳಲ್ಲಿ ಓಡಾಡಿದೆ. ಅಕ್ಕಿ, ಹಾಸಿಗೆ, ಮಕ್ಕಳ ಮಾರ್ಕ್ಸ್ ಕಾರ್ಡು, ಹೊಲಿಗೆ ಯಂತ್ರ, ಎಲ್ಲ ಬೀದಿಯಲ್ಲಿ ಒಣಗುತ್ತಿದ್ದವು. ಹಾಗೆ ಒಣಗಿಸುತ್ತಿದ್ದವರಲ್ಲಿ ಬಹಳ ಜನ ನೆಲಮಹಡಿಯ ಬಾಡಿಗೆದಾರರು. ಮನೆ ರಿಪೇರಿಯಾಯಿತು, ಬಣ್ಣ ಬಳಿದರು, ರಟ್ಟು ಮತ್ತೆ ಗೇಟಿಗೆ ಬಂತು. 9,000ಕ್ಕೂ 12,500ಕ್ಕೂ ನಡುವಿನ 3,500 ರೂಪಾಯಿ ಎಲ್ಲಿಗೆ ಹೋಯಿತು ಅಂದರೆ ಆ ಕಪ್ಪು ಗೆರೆಗೆ ಹೋಯಿತು.

ಬೆಂಗಳೂರಿನಲ್ಲಿ ನಲವತ್ತು ವರ್ಷ ಬಾಡಿಗೆ ಮನೆಗಳನ್ನು ನೋಡಿದ ಮೇಲೆ ನನಗೆ ಅರ್ಥವಾದದ್ದು ಇಷ್ಟು. ಮನೆ ಅಗ್ಗಕ್ಕೆ ಸಿಕ್ಕಿತು ಅಂದರೆ ಏನೋ ಒಂದು ಅದರಲ್ಲಿ ಕಡಿಮೆಯಿರುತ್ತದೆ. ಬೆಳಕು ಕಡಿಮೆ, ನೀರು ಕಡಿಮೆ, ರಸ್ತೆಯ ಅಗಲ ಕಡಿಮೆ, ಇಲ್ಲವೇ ಕಾಗದ ಕಡಿಮೆ. ಯಾವುದು ಕಡಿಮೆಯಿದ್ದರೆ ನಾವು ತಾಳಬಲ್ಲೆವು ಅಂತ ಮೊದಲೇ ತೀರ್ಮಾನ ಮಾಡಿ ಹೊರಡಬೇಕು. ರಸ್ತೆ ಇಕ್ಕಟ್ಟಾದರೆ ತಾಳಬಹುದು. ನಾಲ್ಕನೇ ಮಹಡಿಗೆ ಲಿಫ್ಟಿಲ್ಲದೆ ಹತ್ತುವುದನ್ನು ಇಪ್ಪತ್ತೆಂಟು ವರ್ಷದ ಹುಡುಗ ತಾಳಬಹುದು. ರಾಜಕಾಲುವೆಯ ಪಕ್ಕದ ನೆಲಮಹಡಿಯನ್ನು ತಾಳುವುದು ಬೇಡ.

ಕಾಗದದ ಕೊರತೆ ಬೇರೆ ಥರದ್ದು. ಬಿ ಖಾತೆ, ನಕ್ಷೆ ಮೀರಿ ಎತ್ತಿದ ಮಹಡಿ, ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡ, ಇವು ನಮ್ಮ ಊರಿನ ಅರೆಬರೆ ಸತ್ಯಗಳು. ಅಕ್ರಮ-ಸಕ್ರಮ ಅಂತ ಸರ್ಕಾರ ಒಂದು ದಾರಿ ತೆಗೆಯಿತು, 2017ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. 2024ರ ಡಿಸೆಂಬರಿನಲ್ಲಿ ಅದೇ ಕೋರ್ಟು, ಸ್ವಾಧೀನಾನುಭವ ಪತ್ರ ನೋಡದೆ ಕರೆಂಟು, ನೀರಿನ ಸಂಪರ್ಕ ಕೊಡಬೇಡಿ ಅಂದಿತು. ಕಟ್ಟಿ ಮುಗಿಸಿದ ಎಷ್ಟೋ ಮನೆಗಳು ಕತ್ತಲಲ್ಲಿ ಕೂತವು. ಆಮೇಲೆ ರಾಜ್ಯ ಸರ್ಕಾರ 1,200 ಚದರಡಿವರೆಗಿನ, ಅಂದರೆ ನಮ್ಮ ಮೂವತ್ತು-ನಲವತ್ತರ ಸೈಟಿನ ಸಣ್ಣ ಮನೆಗಳಿಗೆ ವಿನಾಯಿತಿ ಕೊಟ್ಟಿತು. ನಾನು ಕಾನೂನು ಮುರಿಯುವವರ ಪರ ಮಾತಾಡುತ್ತಿಲ್ಲ. ಗಾಳಿ ಬಾರದ ಹಾಗೆ ಗೋಡೆಗೆ ಗೋಡೆ ಅಂಟಿಸಿ ಐದು ಅಂತಸ್ತು ಎತ್ತಿದವರ ಮೇಲೆ ನನಗೂ ಸಿಟ್ಟಿದೆ. ಆದರೆ ಆ ಅಂತಸ್ತುಗಳನ್ನೆಲ್ಲ ಒಂದೇ ದಿನ ಕೆಡವಿದರೆ ಈ ನಗರದ ಇಸ್ತ್ರಿ, ಆಟೋ, ಆಸ್ಪತ್ರೆ, ಹೋಟೆಲು ಮಾರನೇ ದಿನ ಬೆಳಿಗ್ಗೆ ಬಾಗಿಲು ತೆಗೆಯುವುದಿಲ್ಲ ಅನ್ನುವುದೂ ನಿಜ.

12,500ದ ಮನೆಗೆ ಬಂದೆವು. ಗುಡಿಯ ಹಿಂದಿನ ಓಣಿ, ಮೂರನೇ ಮಹಡಿ. ಕೆಳಗೆ ಓನರಮ್ಮ, ಎಪ್ಪತ್ತೈದು ದಾಟಿದ ಅಜ್ಜಿ. ನಾನು ಮೊದಲು ಮೀಟರ್ ಬೋರ್ಡ್ ನೋಡಿದೆ. ಪ್ರತಿ ಮನೆಗೂ ಬೇರೆ ಮೀಟರು, ಬೇರೆ ಆರ್‌ಆರ್ ನಂಬರ್ ಇತ್ತು. ಇದು ಸಣ್ಣ ವಿಷಯವಲ್ಲ. ಸರ್ಕಾರದ ಪುಕ್ಕಟೆ ಕರೆಂಟಿನ ಯೋಜನೆ ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಆದರೆ ಯೋಜನೆ ನಡೆಯುವುದು ಮೀಟರಿನ ಲೆಕ್ಕದಲ್ಲಿ. ನಾಲ್ಕು ಮನೆಗೆ ಒಂದೇ ಮೀಟರಿದ್ದರೆ ಪುಕ್ಕಟೆ ಕರೆಂಟು ಓನರಿಗೆ, ಬಿಲ್ಲು ನಿಮಗೆ. ಆಮೇಲೆ ಸಂಪಿನ ಮುಚ್ಚಳ ತೆಗೆಸಿದೆ. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ, ಬೋರ್‌ವೆಲ್ಲೂ ಇದೆ ಅಂದರು. ನೂರು ಕಿಲೋಮೀಟರ್ ದೂರದಿಂದ ಬೆಟ್ಟ ಹತ್ತಿ ಬರುವ ನೀರು, ದಿನ ಬಿಟ್ಟು ದಿನ ಬಂದರೂ ಕೈಮುಗಿಯಬೇಕು.

"ಅಜ್ಜೀ, ಹನ್ನೊಂದಕ್ಕೆ ಮಾಡ್ಕೊಡಿ" ಅಂದ ಹುಡುಗ.

"ಮೆಟ್ರೋ ಬರ್ತಾ ಇದೆ ಕಣಪ್ಪಾ. ನಮ್ಮೂರಿಗೇ ಸ್ಟೇಷನ್ನು. ಮುಂದಿನ ವರ್ಷ ಹದಿನೈದಕ್ಕೆ ಹೋಗ್ತದೆ ಅಂತ ನನ್ನ ಮಗ ಹೇಳ್ತಾನೆ."

ಅಜ್ಜಿ ಹೇಳಿದ್ದು ಸುಳ್ಳಲ್ಲ. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮೂರನೇ ಹಂತದ ಮೆಟ್ರೋದಲ್ಲಿ, ಜೆ.ಪಿ. ನಗರ ನಾಲ್ಕನೇ ಹಂತದಿಂದ ಹೊರವರ್ತುಲ ರಸ್ತೆ ಹಿಡಿದು ಕೆಂಪಾಪುರಕ್ಕೆ ಹೋಗುವ ಮಾರ್ಗದಲ್ಲಿ, ಹೊಸಕೆರೆಹಳ್ಳಿಗೂ ಒಂದು ನಿಲ್ದಾಣವಿದೆ. ಎರಡು ಮಾರ್ಗ ಸೇರಿ 44.65 ಕಿಲೋಮೀಟರ್, 15,611 ಕೋಟಿ ರೂಪಾಯಿ. ರೈಲು ಬರುವುದಕ್ಕೆ ವರ್ಷಗಳು ಬೇಕು. ಬಾಡಿಗೆ ಮಾತ್ರ ಆಗಲೇ ಬಂದು ಸ್ಟೇಷನ್ನಿನಲ್ಲಿ ಕೂತಿದೆ.

"ಮುಂದಿನ ವರ್ಷದ್ದು ಮುಂದಿನ ವರ್ಷ ನೋಡೋಣ ಅಮ್ಮಾ" ಅಂದೆ ನಾನು. "ಮೇ ತಿಂಗಳಿಂದ ಖಾಲಿಯಿದೆ ಅಂತ ಇಸ್ತ್ರಿಯವರು ಹೇಳಿದರು. ಆಷಾಢ ಬೇರೆ."

ಅಜ್ಜಿ ಇಸ್ತ್ರಿ ಅಂಗಡಿಯ ಕಡೆ ಒಮ್ಮೆ ಕೆಂಗಣ್ಣು ಬಿಟ್ಟರು. ಹನ್ನೊಂದೂವರೆ, ಅಡ್ವಾನ್ಸ್ ಅರವತ್ತು ಸಾವಿರ, ಬಿಡುವಾಗ ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಮುರಿಯುವುದು, ಬಾಡಿಗೆಯ ಲೆಕ್ಕ ಹಾಲು ಉಕ್ಕಿಸಿದ ದಿನದಿಂದ. ಇಷ್ಟಕ್ಕೆ ನಿಂತಿತು. ಐದು ಸಾವಿರ ಮುಂಗಡ ಕೊಟ್ಟು ಬಂದೆವು. ಯಾವ ಪೈಕಿ ಅಂತ ಅಜ್ಜಿ ಕೇಳಲಿಲ್ಲ. "ಹೆಂಡ್ತಿಗೆ ರಾಗಿ ಮುದ್ದೆ ಮಾಡೋಕೆ ಬರುತ್ತಾ?" ಅಂತ ಕೇಳಿದರು. ಅದೇ ಪ್ರಶ್ನೆಯ ಇನ್ನೊಂದು ರೂಪವೋ ಏನೋ, ನನಗೆ ಇವತ್ತಿಗೂ ತಿಳಿದಿಲ್ಲ.

ಶ್ರಾವಣದ ಮೊದಲ ಶುಕ್ರವಾರ ಅಕ್ಕ, ಸೊಸೆ, ಬೀಗರು ಎಲ್ಲ ಬಂದರು. ಪುಟ್ಟ ಅಡುಗೆಮನೆಯಲ್ಲಿ ಎಂಟು ಜನ ನಿಂತು ಒಂದು ಲೀಟರ್ ಹಾಲನ್ನು ಕಾಯುತ್ತಿದ್ದೆವು. ಅಜ್ಜಿ ಮೂರು ಮಹಡಿ ಹತ್ತಿ, ಕಂಬಿ ಹಿಡಿದು ಏದುಸಿರು ಬಿಡುತ್ತ ಬಂದರು. ಹಾಲು ಏರಿತು, ಪಾತ್ರೆಯ ಅಂಚು ದಾಟಿ ಗುಳುಗುಳು ಅಂತ ಒಲೆಯ ಮೇಲೆ ಇಳಿಯಿತು. ಅಕ್ಕ ಕೈಮುಗಿದಳು.

"ಸದ್ಯ, ಪೂರ್ವಕ್ಕೇ ಉಕ್ಕಿತು" ಅಂದರು ಅಜ್ಜಿ. ಆಮೇಲೆ ಸೊಸೆಯ ಕಡೆ ತಿರುಗಿ, "ಮೋಟರು ಬೆಳಿಗ್ಗೆ ಆರಕ್ಕೆ ಹಾಕ್ತೀನಿ ಕಣಮ್ಮ, ಏಳಕ್ಕೆ ನಿಲ್ಲಿಸ್ತೀನಿ. ಅಷ್ಟರಲ್ಲಿ ತುಂಬಿಸ್ಕೊಂಡುಬಿಡು."